ಬೂಷ್ಟಣ್ಣನ ನೀಲಿ ಗಿರಾಕಿಗಳು

ಅವನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು. ಅದು ಈಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಬೀದಿಗೆಲ್ಲ ಅವನು ಬೂಷ್ಟಣ್ಣ. ಅವನ ಹೆಂಡತಿ, ಲೆಕ್ಕದ ಪ್ರಕಾರ, ಬೀದಿಗೆಲ್ಲ ಅತ್ತಿಗೆ. ಇಷ್ಟು ಮಂದಿ ಮೈದುನರು ನಾದಿನಿಯರು ಇದ್ದಾರೆಂದು ಗೊತ್ತಿದ್ದರೆ ಈ ಮದುವೆಗೆ ಒಪ್ಪುತ್ತಲೇ ಇರಲಿಲ್ಲ ಎಂದು ಆಕೆ ಆಗಾಗ ಹೇಳುವುದುಂಟು.

ಕ್ಯಾಮೆರಾ ಅಂಗಡಿ ಇಟ್ಟವನಿಗೆ ಫ್ಲಾಶಣ್ಣ ಅಂತಲೋ ಸ್ಮೈಲಣ್ಣ ಅಂತಲೋ ಹೆಸರು ಬೀಳಬೇಕು. ಬೂಷ್ಟು ಎಲ್ಲಿಂದ ಬಂತು ಅಂದರೆ, ಅದು ಬರುವುದು ಲೆನ್ಸಿನ ಒಳಗಿಂದ. ಕ್ಯಾಮೆರಾವನ್ನು ಚೀಲದಲ್ಲಿ ಸುತ್ತಿ, ಬೀರುವಿನಲ್ಲಿ ಬಟ್ಟೆಗಳ ನಡುವೆ ಜೋಪಾನ ಮಾಡಿ, ಮಳೆಗಾಲವಿಡೀ ಮರೆತುಬಿಟ್ಟರೆ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಸಣ್ಣ ಬೂಷ್ಟು ಹಬ್ಬುತ್ತದೆ. ಬಿಸಿಲು ಗಾಳಿ ಕಂಡ ಲೆನ್ಸಿಗೆ ಆ ಕಾಟವಿಲ್ಲ. ಆದ್ದರಿಂದ ವರ್ಷಾ ವರ್ಷಾ ಮೋಡ ಕಟ್ಟುವ ಮುಂಚೆ ಬೂಷ್ಟಣ್ಣ ತನ್ನ ಅಂಗಡಿಯಲ್ಲಿ ಕ್ಯಾಮೆರಾ ಕೊಂಡ ಪ್ರತಿಯೊಬ್ಬರಿಗೂ ಫೋನು ಮಾಡುತ್ತಿದ್ದ. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ, ನೇರ ಒಂದೇ ಮಾತು:

"ಲೆನ್ಸು ಬಿಸಿಲಿಗೆ ಇಟ್ರಾ?"

ಎದುರು ಬದಿಯ ಬೇಕರಿಯವನಿಗೆ ಒಮ್ಮೆ ಈ ಫೋನು ಹೋದಾಗ ಅವನು ಆಸ್ಪತ್ರೆಯಲ್ಲಿದ್ದ.

"ಅಣ್ಣಾ, ಆಮೇಲೆ ಮಾತಾಡ್ತೀನಿ. ಹೆಂಡ್ತಿನ ಈಗಷ್ಟೇ ಹೆರಿಗೆ ಕೋಣೆಗೆ ಕರ್ಕೊಂಡು ಹೋದ್ರು."

"ಒಳ್ಳೇದಾಗ್ಲಿ. ಕ್ಯಾಮೆರಾ ಎಲ್ಲಿದೆ?"

"ಬೀರುನಲ್ಲಿ."

"ನೋಡಿದ್ಯಾ! ಮಗು ಹೊರಗೆ ಬರೋದ್ರೊಳಗೆ ಅದನ್ನ ಹೊರಗೆ ತೆಗಿ."

ಬೇಕರಿಯವನು ಬೈದುಕೊಂಡೇ ತಮ್ಮನನ್ನು ಮನೆಗೆ ಓಡಿಸಿ ಕ್ಯಾಮೆರಾ ತರಿಸಿದ. ಮಗುವಿನ ಮೊದಲ ಫೋಟೋ ಆದದ್ದು ಹಾಗೆ. ಅದಕ್ಕೆ ಮತ್ತೆ ಬರೋಣ.

ಅಂಗಡಿ ಉದ್ದಕ್ಕೆ ರೈಲಿನ ಬೋಗಿಯ ಹಾಗಿತ್ತು, ಅಗಲ ಕೇಳಬಾರದು. ಒಂದು ಬದಿ ಗಾಜಿನ ಕಪಾಟು, ಅದರಲ್ಲಿ ಕಣ್ಣು ಮುಚ್ಚಿ ಕೂತ ಕ್ಯಾಮೆರಾಗಳು. ಹಿಂದೆ ಪರದೆಯಾಚೆ ಪ್ರಿಂಟಿನ ಯಂತ್ರ. ಇನ್ನೊಂದು ಬದಿಯ ಗೋಡೆ ಪೂರ್ತಿ ಫೋಟೋ. ಮನಸ್ಸಿಗೆ ಬಂದ ಪ್ರಿಂಟನ್ನು ಬೂಷ್ಟಣ್ಣ ಎರಡು ಹಾಕುತ್ತಿದ್ದ, ಒಂದು ಗಿರಾಕಿಗೆ, ಒಂದು ಗೋಡೆಗೆ. ಅಂಗಡಿಗೆ ಬಂದವರು ಮೊದಲು ಗೋಡೆಯ ಮೇಲೆ ತಮ್ಮನ್ನು ಹುಡುಕಿಕೊಂಡು, ಆಮೇಲೆ ಬಂದ ಕೆಲಸ ನೆನಪು ಮಾಡಿಕೊಳ್ಳುತ್ತಿದ್ದರು.

ಜನರ ಜೇಬಿನಲ್ಲಿ ರಿಂಗಾಗುವ ಕ್ಯಾಮೆರಾಗಳು ಬಂದ ಮೇಲೆ ಮಾರಾಟ ಬಿತ್ತು. ಅವನ ಮಾತಿನ ಬೆಲೆ ಬೀಳಲಿಲ್ಲ. ಫೋನಿನಲ್ಲಿ ತೆಗೆದದ್ದನ್ನೂ ಪ್ರಿಂಟು ಹಾಕಿಸಲು ಜನ ಇವನಲ್ಲಿಗೇ ಬರುತ್ತಿದ್ದರು, ಯಾಕೆಂದರೆ ಬಣ್ಣದ ವಿಷಯದಲ್ಲಿ ಬೂಷ್ಟಣ್ಣನ ಕಣ್ಣು ಅಂದರೆ ಕಣ್ಣು. ಕಂಪ್ಯೂಟರಿನ ಪರದೆಯನ್ನು ಅವನು ನಂಬುತ್ತಿರಲಿಲ್ಲ. "ಅದು ಒಳಗಿಂದ ಬೆಳಕು ಹಾಕ್ಕೊಂಡು ಮೆರೆಯುತ್ತೆ, ಮನುಷ್ಯರು ಹಾಗಿರ್ತಾರಾ?" ಅನ್ನುತ್ತಿದ್ದ. ಯಂತ್ರದಿಂದ ಬಂದ ಬಿಸಿ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ಅಂಗಡಿಯ ಹೊಸ್ತಿಲಿಗೆ ಬಂದು, ಬೀದಿಯ ಬೆಳಕಿಗೆ ಎತ್ತಿ, ಕತ್ತು ವಾಲಿಸಿ ನೋಡುತ್ತಿದ್ದ. ಸರಿಯಿಲ್ಲ ಅನಿಸಿದರೆ ಒಳಗೆ ಹೋಗಿ ಬಣ್ಣ ತಿದ್ದಿ ಮತ್ತೆ ಪ್ರಿಂಟು. ಮತ್ತೆ ಹೊಸ್ತಿಲು. ಕೊನೆಗೊಮ್ಮೆ ಮುಖ ಅರಳಿ, "ಹಾಂ, ಈಗ ಜೀವ ಬಂತು!" ಯಾರನ್ನೂ ಹೇಗಿದೆ ಎಂದು ಕೇಳುತ್ತಿರಲಿಲ್ಲ. ಕೇಳುವ ದರ್ದೂ ಇರಲಿಲ್ಲ.

ಇಂಥವನಿಗೆ ಒಂದೇ ಒಂದು ಮುಳ್ಳು ಚುಚ್ಚಿತ್ತು. ಅವಳೇ ಮದುವೆ ಹುಡುಗಿ.

ಮದುವೆ ಹುಡುಗಿ ಅಂದರೆ ಮದುವೆಯಾಗುವವಳಲ್ಲ, ಮದುವೆಗಳ ಫೋಟೋ ತೆಗೆಯುವವಳು. ಕಂಡವರನ್ನೆಲ್ಲ ಜೋಡಿ ಮಾಡಿ ನಿಲ್ಲಿಸಿ, ತಾನು ಒಂಟಿಯಾಗಿ ಕ್ಯಾಮೆರಾದ ಹಿಂದೆ ಉಳಿದವಳು. ಕಾಲೇಜಿನಲ್ಲಿದ್ದಾಗ ಮೊದಲ ಕ್ಯಾಮೆರಾ ಕೊಂಡದ್ದು ಬೂಷ್ಟಣ್ಣನ ಬಳಿ. ಆಮೇಲೆ ಅದರ ಜೊತೆಗೆ ಬೂಷ್ಟಣ್ಣನ ಕಣ್ಣನ್ನೂ ಕಂತಿನ ಮೇಲೆ ತೆಗೆದುಕೊಂಡು ಹೋದಳು. "ಕೆನ್ನೆ ಬಿಳಿ ಅಲ್ಲ, ಕಪ್ಪು ಅಲ್ಲ, ಕೆನ್ನೆ ಕೆನ್ನೆ ಬಣ್ಣದ್ದು. ಅದನ್ನ ಹಿಡಿ ಮೊದಲು" ಎಂದು ಕಲಿಸಿದ್ದು ಅವನೇ. ಅವಳ ಆಲ್ಬಮ್ಮುಗಳೆಲ್ಲ ಇಲ್ಲೇ ಪ್ರಿಂಟಾಗುತ್ತಿದ್ದವು. ಹೊಸ್ತಿಲಿನಲ್ಲಿ ಗುರು ಪ್ರಿಂಟು ಎತ್ತಿದರೆ ಶಿಷ್ಯೆ ಬೇಕರಿಯ ಬನ್ನು ತಿನ್ನುತ್ತ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಅವಳು ಬರುವುದನ್ನು ನಿಲ್ಲಿಸಿ ಎರಡು ಮಳೆಗಾಲವಾಗಿತ್ತು. ದೊಡ್ಡ ರಸ್ತೆಯ ಹೊಸ ಲ್ಯಾಬಿನಲ್ಲಿ ಪ್ರಿಂಟು ಹಾಕಿಸುತ್ತಾಳೆ ಎಂದು ಯಾರೋ ಹೇಳಿದರು. ಬೂಷ್ಟಣ್ಣ ನಂಬಲಿಲ್ಲ. ಆ ಲ್ಯಾಬಿನ ಚೀಲ ಹಿಡಿದು ಅವಳು ಬೀದಿ ದಾಟಿದ್ದನ್ನು ತಾನೇ ಕಂಡ ಮೇಲೆ ನಂಬಬೇಕಾಯಿತು.

"ಹತ್ತಿದ ಏಣಿ ಒದ್ದು ಹೋದ್ಲು" ಅಂದ ಹೆಂಡತಿಗೆ.

"ಏಣಿ ಯಾಕೆ ಅಲುಗಾಡ್ತಿತ್ತು ಅಂತ ಏಣಿಗೇನು ಗೊತ್ತು?" ಅಂದಳು ಅತ್ತಿಗೆ, ಕಪಾಟಿನ ಗಾಜು ಒರೆಸುತ್ತ. ಆಗ ಆ ಮಾತು ಅವನಿಗೆ ಅರ್ಥವಾಗಲಿಲ್ಲ.

ಆದರೂ ಮಳೆಗೆ ಮುಂಚಿನ ಫೋನು ಅವಳಿಗೆ ತಪ್ಪಿಸಲಿಲ್ಲ. ಸಿಟ್ಟು ಮನುಷ್ಯರ ಮೇಲೆ, ಲೆನ್ಸು ಏನು ಮಾಡಿತ್ತು? "ಲೆನ್ಸು ಬಿಸಿಲಿಗೆ ಇಟ್ಯಾ?" "ಇಟ್ಟೆ ಅಣ್ಣ." ಇಬ್ಬರೂ ಇನ್ನೇನೋ ಹೇಳುವವರಂತೆ ಸ್ವಲ್ಪ ಹೊತ್ತು ಉಸಿರಾಡಿ, ಫೋನು ಇಡುತ್ತಿದ್ದರು.

ಈ ನಡುವೆ ಮನೆಯಲ್ಲಿ ಬೇರೊಂದು ಯುದ್ಧ ಶುರುವಾಗಿತ್ತು. ಬೂಷ್ಟಣ್ಣನಿಗೆ ತನ್ನ ಬಿಳಿ ಅಂಗಿಗಳು ಹಳದಿಯಾಗಿ ಕಂಡವು. "ಒಗೆಯೋದೇ ಹೀಗಾ?" ಅಂದ. ಅತ್ತಿಗೆ ಸೋಪು ಬದಲಾಯಿಸಿದಳು. ಆಮೇಲೆ ಗೋಡೆಯ ಸುಣ್ಣ ಹಳದಿಯಾಯಿತು, ಹಾಸಿಗೆಯ ಹೊದಿಕೆ ಹಳದಿಯಾಯಿತು. ಅತ್ತಿಗೆ ಮತ್ತೆ ಸೋಪು ಬದಲಾಯಿಸಿದಳು. ಗಂಡನನ್ನು ಬದಲಾಯಿಸುವುದಕ್ಕಿಂತ ಸೋಪು ಅಗ್ಗ. ಕೊನೆಗೆ ಒಂದು ಬೆಳಿಗ್ಗೆ ಅವನು ಲೋಟದೊಳಗೆ ಇಣುಕಿ, "ಹಾಲಿಗೆ ಅರಿಶಿನ ಹಾಕಿದ್ಯಾ?" ಎಂದು ಕೇಳಿದ. ಅತ್ತಿಗೆ ಲೋಟ ನೋಡಿದಳು, ಗಂಡನ ಮುಖ ನೋಡಿದಳು, ಸೀರೆ ಬದಲಾಯಿಸಿ ಬಂದು, "ಏಳ್ರೀ, ಡಾಕ್ಟ್ರ ಹತ್ರ ಹೋಗೋಣ" ಅಂದಳು.

ಕಣ್ಣಿನ ಡಾಕ್ಟರಮ್ಮನೂ ಬೂಷ್ಟಣ್ಣನ ಗಿರಾಕಿಯೇ. ರಜೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುವವರು. ಅವನ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನ ಲೆನ್ಸ್ ವಿಷಯಕ್ಕೆ ವರ್ಷಾ ವರ್ಷಾ ಪ್ರಾಣ ತಿಂತೀರಲ್ಲ, ನಿಮ್ದು ಯಾವಾಗ ನೋಡಿಸ್ಕೊಂಡಿದ್ರಿ?"

"ನಂದು ಬೀರುವಿನಲ್ಲಿಟ್ಟಿಲ್ವಲ್ಲ ಡಾಕ್ಟ್ರೇ. ದಿನಾ ಬಿಸಿಲಿಗೆ ಹೊಸ್ತಿಲ ಮೇಲೆ ನಿಲ್ತೀನಿ."

"ಎರಡು ಕಣ್ಣಿಗೂ ಪೊರೆ ಬಂದಿದೆ. ಬಿಳಿ ಪೊರೆ ಆಗಿದ್ರೆ ಬೇಗ ಗೊತ್ತಾಗ್ತಿತ್ತು. ಇದು ಹಳದಿ. ನಿಧಾನಕ್ಕೆ ಬಂದು, ಲೋಕನೇ ಹಾಗಿದೆ ಅಂತ ನಂಬಿಸಿಬಿಡುತ್ತೆ. ಒಂದೊಂದಾಗಿ ತೆಗೆಯೋಣ."

ಅತ್ತಿಗೆ ಡಾಕ್ಟರಮ್ಮನ ಮುಂದೆಯೇ ಗಂಡನ ಕಡೆ ತಿರುಗಿದಳು. "ನನ್ನ ಸೋಪಿನ ಹತ್ರ ಕ್ಷಮೆ ಕೇಳಿ ಮೊದಲು."

ಬಲಗಣ್ಣು ಮುಗಿಯಿತು. ಕಟ್ಟು ಬಿಚ್ಚಿ, ಹೇಳಿದಷ್ಟು ದಿನ ಮನೆಯಲ್ಲಿ ಕೂತು, ಬೂಷ್ಟಣ್ಣ ಅಂಗಡಿಗೆ ಹೊರಟ. ದಾರಿಯುದ್ದಕ್ಕೂ ಮಗುವಿನ ಹಾಗೆ ನಿಂತು ನಿಂತು ನೋಡಿದ. ಬಿಳಿ ಅನ್ನುವುದು ಇಷ್ಟೊಂದು ಬೆಳ್ಳಗಿತ್ತೇ! ಆಕಾಶವನ್ನು ಯಾರೋ ಹೊಸದಾಗಿ ಪ್ರಿಂಟು ಹಾಕಿದ್ದಾರೆ ಅನಿಸಿತು. ಬೇಕರಿಯವನಿಗೆ ಕೈ ಬೀಸಿ, ಷಟರು ಎತ್ತಿ, ಒಳಗೆ ಕಾಲಿಟ್ಟು ದೀಪ ಹಾಕಿದ.

ಗೋಡೆಯ ಮೇಲೆ ಎಲ್ಲರೂ ನೀಲಿಯಾಗಿದ್ದರು.

ಹಳೆಯ ಫೋಟೋಗಳಲ್ಲ, ಅವು ಚೆನ್ನಾಗಿದ್ದವು. ಈಚಿನವು. ಮೊದಮೊದಲು ಬರೀ ಚಳಿ ಹತ್ತಿದವರ ಹಾಗೆ. ಈಚೀಚೆಗೆ ಬಂದಂತೆ ಕೆರೆಯಿಂದ ಎತ್ತಿ ತಂದವರ ಹಾಗೆ. ಅಜ್ಜಿಯರು ನೀಲಿ, ಮದುಮಕ್ಕಳು ನೀಲಿ, ಶಾಲೆಯ ಒಂದಿಡೀ ತರಗತಿ ನೀಲಿ ತುಟಿಯಲ್ಲಿ ನಗುತ್ತಿತ್ತು. ಬೂಷ್ಟಣ್ಣ ಬಲಗಣ್ಣು ಮುಚ್ಚಿ, ಪೊರೆಯಿದ್ದ ಎಡಗಣ್ಣಿನಲ್ಲಿ ನೋಡಿದ. ಎಲ್ಲರ ಕೆನ್ನೆಗೂ ಜೀವ ಬಂತು. ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದ. ಮತ್ತೆ ನೀಲಿ. ಬಲ, ಎಡ, ಬಲ. ಕಡೆಗೆ ಬೆಂಚಿನ ಮೇಲೆ ಕುಸಿದ.

ಲೆಕ್ಕ ಸರಳವಾಗಿತ್ತು. ಲೋಕವೆಲ್ಲ ಹಳದಿಯಾಗಿ ಕಂಡಿತ್ತು. ಅದನ್ನು ಸರಿಮಾಡಲು ಅವನು ಹೊಸ್ತಿಲಿನಿಂದ ಒಳಗೆ, ಒಳಗಿನಿಂದ ಹೊಸ್ತಿಲಿಗೆ ಓಡಾಡಿ ನೀಲಿ ಸುರಿದಿದ್ದ. ಎಷ್ಟು ಅಕ್ಕರೆಯಿಂದ ತಿದ್ದಿದ್ದನೋ ಅಷ್ಟೂ ಕೆಟ್ಟಿತ್ತು. ಅಕ್ಕರೆ ಇಲ್ಲದ ಯಂತ್ರದ ಪಾಡಿಗೆ ಬಿಟ್ಟಿದ್ದರೆ ಎಲ್ಲರೂ ನೆಟ್ಟಗಿರುತ್ತಿದ್ದರು.

ಅಷ್ಟರಲ್ಲಿ ಬೇಕರಿಯವನು ಕಣ್ಣು ವಿಚಾರಿಸಲು ಬಂದ. ಬೂಷ್ಟಣ್ಣ ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ಬೇಕರಿಯವನ ಮಗು, ಹುಟ್ಟಿದ ದಿನದ ಫೋಟೋ, ಎಳೆ ಮೋಡದ ಬಣ್ಣಕ್ಕಿತ್ತು.

"ನಿಂಗೆ ಗೊತ್ತಿತ್ತಾ?"

ಬೇಕರಿಯವನು ಕೈಗಂಟಿದ ಮೈದಾ ಕೊಡವಿಕೊಂಡ. "ಏನು?"

"ನಾಟಕ ಬೇಡ."

"ಗೊತ್ತಿತ್ತಣ್ಣ. ಪ್ರಿಂಟು ತಗೊಂಡು ಹೋದಾಗ ನಮ್ಮತ್ತೆ, ಮಗು ಉಸಿರಾಡ್ತಿದೆಯಾ ಅಂತ ಕೇಳಿದ್ರು."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

"ಹೇಗೆ ಬಿಡೋದು? ನೀನು ಅದನ್ನ ಹೊಸ್ತಿಲಲ್ಲಿ ಎತ್ತಿ ಹಿಡಿದು, 'ಜೀವ ಬಂತು' ಅಂತ ನನಗಿಂತ ಜಾಸ್ತಿ ಖುಷಿಪಟ್ಟೆ. ಆಮೇಲೆ ಎಲ್ಲರೂ... ಇರಲಿ ಬಿಡು ಅಂತ."

"ಎಲ್ಲರೂ ಅಂದ್ರೆ?"

ಬೇಕರಿಯವನು ತಪ್ಪಿಸಿಕೊಳ್ಳಲು ಗೋಡೆ ನೋಡಿದ. ಗೋಡೆಯ ತುಂಬ ಎಲ್ಲರೂ ಇದ್ದರು.

"ಅಂದ್ರೆ ಇಷ್ಟು ದಿನ ನೀವೆಲ್ಲ ನನಗೆ ಭಿಕ್ಷೆ ಹಾಕಿದ್ರಿ" ಅಂದ ಬೂಷ್ಟಣ್ಣ. "ನಿನ್ನ ಬನ್ನು ಹಳಸಿದ್ರೆ ನಾನು ಸುಮ್ನೆ ತಿಂತಿದ್ನಾ? ಮುಖಕ್ಕೆ ಎಸೀತಿದ್ದೆ!"

"ಎಸೆದಿದೀಯಲ್ಲಣ್ಣ, ಎಷ್ಟೋ ಸಲ."

ಬೂಷ್ಟಣ್ಣ ನಗಲಿಲ್ಲ. ಅವನನ್ನು ಹೊರಗೆ ಕಳಿಸಿ, ನಡುಹಗಲಿನಲ್ಲೇ ಷಟರು ಎಳೆದ. ಜೀವಮಾನವೆಲ್ಲ ಷಟರು ಅಂದರೆ ಕ್ಷಣಕ್ಕೆ ಮುಚ್ಚಿ ತೆರೆಯುವ ವಸ್ತು ಎಂದು ತಿಳಿದಿದ್ದವನು ಆ ದಿನ ಮುಚ್ಚಿದ್ದನ್ನು ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ.

ಅತ್ತಿಗೆ ಕೆಲವು ದಿನ ಸಹಿಸಿದಳು. ಮನೆಯಲ್ಲಿ ಕೂತ ಗಂಡ ಅಡುಗೆಮನೆಯ ಡಬ್ಬಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಾಗ ಬಾಯಿ ತೆರೆದಳು.

"ಮೋಡ ಆಗ್ತಿದೆ. ಈ ವರ್ಷ ಫೋನು ಇಲ್ವಾ?"

"ಯಾರಿಗೆ ಮಾಡ್ಲಿ? ಸುಳ್ಳರಿಗಾ? ನೀನೂ ಸೇರಿದಂತೆ. ನಿಂಗೂ ಗೊತ್ತಿತ್ತು ತಾನೇ?"

"ಜನ ಸ್ವಲ್ಪ ತಣ್ಣಗೆ ಕಾಣ್ತಿದಾರೆ ಅನಿಸ್ತಿತ್ತು. ಈಗಿನ ಫ್ಯಾಶನ್ನೇನೋ ಅಂದ್ಕೊಂಡೆ." ಆಕೆ ಅವನ ಕೈಯಿಂದ ಸಕ್ಕರೆ ಡಬ್ಬ ಕಿತ್ತುಕೊಂಡು ಅದರ ಜಾಗಕ್ಕಿಟ್ಟಳು. "ಹೂಂ, ಅದೂ ಸುಳ್ಳು. ನಿಮ್ಮ ಕಣ್ಣು ಅನ್ನೋದೊಂದೇ ನಮ್ಮ ಅಂಗಡಿಯ ಬಂಡವಾಳ. ಅದೂ ಹೋಯ್ತು ಅಂತ ನಾನು ಹೇಗೆ ಹೇಳ್ಲಿ? ಸೋಪು ಬದಲಾಯಿಸ್ತಾ ಇದ್ದೆ."

 ಅಷ್ಟು ಬಗೆಯ ಸೋಪುಗಳ ಹಿಂದೆ ಇಷ್ಟಿತ್ತು ಎಂದು ಅವನಿಗೆ ಹೊಳೆದಿರಲಿಲ್ಲ.

"ಭಿಕ್ಷೆ ಹಾಕದೇ ಇದ್ದವಳು ಒಬ್ಬಳಿದ್ದಾಳೆ" ಅಂದಳು ಅತ್ತಿಗೆ. "ಅವಳಿಗೆ ಮಾಡಿ."

ಯಾರೆಂದು ಕೇಳಬೇಕಾಗಿರಲಿಲ್ಲ. ಅವನು ಫೋನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದ. ಅತ್ತಿಗೆಗೆ ಕೇಳಬಾರದು ಎಂದು ಹೋದದ್ದು. ಅತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಇಟ್ಟೆ ಅಣ್ಣ, ಬಿಸಿಲಿಗೆ ಇಟ್ಟೆ" ಅಂದಳು ಮದುವೆ ಹುಡುಗಿ, ಅವನು ಬಾಯಿ ತೆರೆಯುವ ಮೊದಲೇ.

"ಲೆನ್ಸಿನ ವಿಷಯ ಅಲ್ಲ. ನೀನು ಯಾಕೆ ಬರೋದು ಬಿಟ್ಟೆ?"

ಆ ಕಡೆ ಎಲ್ಲೋ ಒಂದು ಬಸ್ಸು ಹಾದು ಹೋಯಿತು.

"ನನ್ನ ಒಂದು ಕಣ್ಣು ತೆಗೆಸಿಯಾಯ್ತು" ಅಂದ ಅವನು. "ಅಂದ್ರೆ, ಪೊರೆ. ಗೋಡೆ ನೋಡ್ದೆ. ಈಗ ಹೇಳು."

"ಒಬ್ಬಳು ಮದುಮಗಳು ಅತ್ತುಬಿಟ್ಲು ಅಣ್ಣ" ಅಂದಳು ಅವಳು ನಿಧಾನವಾಗಿ. "ಆಲ್ಬಮ್ಮು ತೆರೆದು ಮೊದಲನೇ ಪುಟಕ್ಕೇ ಅತ್ತಳು. ನಾನು ಸತ್ತವಳ ಥರ ಕಾಣ್ತೀನಿ ಅಂದ್ಲು. ನಿನಗಿಂತ ಚೆನ್ನಾಗಿ ಯಾರೂ ಪ್ರಿಂಟು ಹಾಕಲ್ಲ ಅಂತ ನಾನೇ ಅವಳಿಗೆ ಹೇಳಿ, ತೆರೆದೂ ನೋಡದೆ ಕೊಟ್ಟಿದ್ದೆ. ಆಲ್ಬಮ್ಮು ಹಿಡ್ಕೊಂಡು ನಿನ್ನ ಅಂಗಡಿ ತನಕ ಬಂದೆ. ನೀನು ಹೊಸ್ತಿಲಲ್ಲಿ ಯಾರದೋ ಪ್ರಿಂಟು ಎತ್ತಿ ಹಿಡಿದು ನಿಂತಿದ್ದೆ. ಕತ್ತು ವಾಲಿಸ್ಕೊಂಡು. ಬೇಕರಿ ಹತ್ರ ನಿಂತು ನೋಡಿ ವಾಪಸ್ ಹೋದೆ."

"ಬಂದು ಬೈಬೇಕಿತ್ತು."

"ನೋಡೋದನ್ನ ಕಲಿಸಿದ್ದೇ ಆ ಕಣ್ಣು. ನಿನ್ನ ಕಣ್ಣು ಸರಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನಿನ್ನ ಹತ್ರನೇ ಪ್ರಿಂಟು ಹಾಕಿಸ್ತಾ ಇದ್ದು, ಚೆನ್ನಾಗಿದೆ ಅಂತ ಸುಳ್ಳು ಹೇಳೋದೂ ಆಗ್ಲಿಲ್ಲ. ಅದಕ್ಕೇ... ಬರ್ಲಿಲ್ಲ."

"ಆ ಆಲ್ಬಮ್ಮು ಎಲ್ಲಿದೆ?"

"ನನ್ನ ಹತ್ರನೇ. ಅವಳಿಗೆ ಬೇರೆ ಮಾಡಿಸಿಕೊಟ್ಟೆ. ಇದು ಬೀರುನಲ್ಲಿದೆ."

"ಬೀರುವಿನಲ್ಲಾ!" ಬೂಷ್ಟಣ್ಣನಿಗೆ ಹಳೆಯ ದನಿ ಬಂತು. "ಬೂಷ್ಟು ಹಿಡಿಯುತ್ತೆ. ನಾಳೆ ತಗೊಂಡು ಬಾ."

ಮರುದಿನ ಷಟರು ಎದ್ದಿತು. ಅವಳು ಬಂದಳು, ಕೂದಲಲ್ಲಿ ಅವನು ಮುಂಚೆ ಕಾಣದ ಬಿಳಿಯಿತ್ತು. ಅದು ಬಂದು ಬಹಳ ಕಾಲವಾಗಿತ್ತೋ ಏನೋ, ಅವನ ಹಳೆಯ ಕಣ್ಣು ಅದನ್ನೂ ಬಂಗಾರ ಮಾಡಿತ್ತು. ಬೆಂಚಿನ ಮೇಲೆ ಆಲ್ಬಮ್ಮು ತೆರೆದರು. ಮೊದಲನೇ ಪುಟ ನೋಡಿ ಬೂಷ್ಟಣ್ಣ ಬಾಯಿ ಮುಚ್ಚಿಕೊಂಡ. ಎರಡನೇ ಪುಟಕ್ಕೆ ಅವನ ಭುಜ ಕುಲುಕಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಾದಳು.

"ಮದುಮಗ ಫ್ರಿಜ್ಜಿನಿಂದ ಈಗಷ್ಟೇ ಎದ್ದು ಬಂದಂಗಿದಾನಲ್ಲೇ!"

ಆಮೇಲೆ ಇಬ್ಬರೂ ಸೇರಿ ನಕ್ಕರು, ಎರಡು ಮಳೆಗಾಲದ ಬಾಕಿಯೆಲ್ಲ ತೀರುವ ಹಾಗೆ. ನಗು ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಆಪರೇಷನ್ ಆದ ಕಣ್ಣನ್ನು ಉಜ್ಜಬಾರದೆಂದು ಅವಳು ಅವನ ಕೈ ಹಿಡಿದಳು.

ಮೊದಲ ಪುಟದ ಫೋಟೋವನ್ನು ಅವನು ಹೊಸದಾಗಿ ಪ್ರಿಂಟಿಗೆ ಹಾಕಿದ.  ಒಂದು ಕಣ್ಣು ಒಂದು ಹೇಳುತ್ತಿತ್ತು, ಇನ್ನೊಂದು ಕಣ್ಣು ಬೇರೆ ಹೇಳುತ್ತಿತ್ತು, ಯಾವುದರ ಮಾತು ಕೇಳುವುದು? ಯಂತ್ರದಿಂದ ಬಂದ ಬಿಸಿ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ಹೊಸ್ತಿಲಿಗೆ ಬಂದ. ಬೆಳಕಿಗೆ ಎತ್ತಿದ. ಕತ್ತು ವಾಲಿಸಿದ. ಜೀವ ಬಂತು ಅನ್ನಲಿಲ್ಲ. ಪಕ್ಕಕ್ಕೆ ತಿರುಗಿ, ಅಂಗಡಿ ತೆರೆದಂದಿನಿಂದ ಯಾರನ್ನೂ ಕೇಳದ್ದನ್ನು ಕೇಳಿದ.

"ಹೇಗಿದೆ?"

ಅವಳು ಪ್ರಿಂಟು ನೋಡಿದಳು. ಅವನ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ಕಟ್ಟುತ್ತಿತ್ತು.

"ಕೆನ್ನೆ ಜಾಸ್ತಿ ಕೆಂಪಾಯ್ತಣ್ಣ. ನೀಲಿಗೆ ಹೆದರಿ ಆ ಕಡೆ ಓಡಿದೀಯ."

"ಎಷ್ಟು ಜಾಸ್ತಿ?"

"ಕಪಾಳಕ್ಕೆ ಎರಡು ಹೊಡೆದಷ್ಟು."

ಬೂಷ್ಟಣ್ಣ ಉಸಿರು ಬಿಟ್ಟ. ಅವನ ಮುಖ ಅರಳಿದ್ದನ್ನು ಕಂಡವರು ಅವಳು ಹೊಗಳಿದಳೆಂದೇ ತಿಳಿಯಬೇಕು. "ಇರು, ಬಂದೆ" ಎಂದು ಒಳಗೆ ಓಡಿದ. ಇನ್ನೊಂದು ಪ್ರಿಂಟು ತಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಓಡಿದ. ಮೂರನೆಯ ಸಲಕ್ಕೆ ಎದುರಿನಿಂದ ಬೇಕರಿಯವನು ಕೂಗಿದ, "ಅಣ್ಣಾ, ಇಲ್ಲಿಂದ ನೋಡಿದ್ರೆ ಸ್ವಲ್ಪ ಹಸಿರು ಹೊಡೀತಿದೆ!"

"ನಿನ್ನನ್ನ ಯಾರು ಕೇಳಿದ್ರೋ?"

"ಬಾಯಿ ಬಿಡು ಅಂದವನು ನೀನೇ ತಾನೇ?"

ಅಂದೇ ಅವನು ಫೋನು ಹಿಡಿದು ಕೂತ. ಮಾತು ಮಾತ್ರ ಕೊಂಚ ಉದ್ದವಾಗಿತ್ತು: "ಲೆನ್ಸು ಬಿಸಿಲಿಗೆ ಇಡಿ. ಹಾಗೇ ಇತ್ತೀಚಿನ ಫೋಟೋ ವಾಪಸ್ ತನ್ನಿ, ಬೇರೆ ಹಾಕಿಕೊಡ್ತೀನಿ. ಕೆಟ್ಟದಾಗಿದ್ರೆ ಕೆಟ್ಟದಾಗಿದೆ ಅಂತ ಹೇಳ್ಬೇಕು, ತಿಳೀತಾ?" ಜನ ತಂದರು. ಹೇಳಿದರು ಕೂಡ. ಅಲ್ಲಿಯವರೆಗೆ ಒಂದು ಅಕ್ಷರ ಆಡದವರೆಲ್ಲ ಹೊಸ್ತಿಲ ಮೇಲೆ ಬಣ್ಣದ ಪಂಡಿತರಾದರು. ಬೂಷ್ಟಣ್ಣನಿಗೆ ಒಂದೊಂದು ಸಲ ಹಳೆಯ ಮೌನವೇ ವಾಸಿಯಿತ್ತು ಅನಿಸಿತು.

ಬೇಕರಿಯವನು ಮಾತ್ರ ಮಗುವಿನ ಫೋಟೋ ಕೊಡಲಿಲ್ಲ. ಹೊಸದೊಂದನ್ನು ಇಸಿದುಕೊಂಡ, ಹಳೆಯದನ್ನೂ ಇಟ್ಟುಕೊಂಡ. "ಮಗನಿಗೆ ಈಗ ಮಾತು ಬಂದಿದೆ, ಅವನಿಗೆ ಅದೇ ಇಷ್ಟ. ಇದು ನಾನು ಆಕಾಶದಲ್ಲಿದ್ದಾಗ ತೆಗೆದಿದ್ದು ಅಂತ ಎಲ್ಲರಿಗೂ ತೋರಿಸ್ತಾನೆ" ಅಂದ.

ಎಡಗಣ್ಣಿನ ಸರದಿ ಬಂತು. ಹಿಂದಿನ ಸಂಜೆ ಅಂಗಡಿ ಮುಚ್ಚುವ ಹೊತ್ತು, ಮದುವೆ ಹುಡುಗಿ ತನ್ನ ಆಲ್ಬಮ್ಮಿನ ಕೆಲಸ ಮುಗಿಸಿ ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ಬೂಷ್ಟಣ್ಣ ಗೋಡೆಯ ಮುಂದೆ ನಿಂತಿದ್ದ. ಗೋಡೆಯ ನೀಲಿ ಮಂದಿಯನ್ನು ಇನ್ನೂ ಕಿತ್ತಿರಲಿಲ್ಲ. ಅವನು ಹೊಸ ಬಲಗಣ್ಣನ್ನು ಮೆಲ್ಲಗೆ ಮುಚ್ಚಿದ. ಹಳೆಯ ಕಣ್ಣಿನಲ್ಲಿ ಎಲ್ಲರೂ ಬೆಚ್ಚಗಿದ್ದರು, ಅವನು ಅವರನ್ನು ಹೇಗೆ ಕಳಿಸಿಕೊಟ್ಟೆ ಅಂದುಕೊಂಡಿದ್ದನೋ ಹಾಗೆಯೇ. ನಾಳೆಯಿಂದ ಇವರನ್ನು ಹೀಗೆ ನೋಡುವವರು ಯಾರೂ ಇರುವುದಿಲ್ಲ. ಅವನು ಒಂದು ತುದಿಯಿಂದ ಒಬ್ಬೊಬ್ಬರನ್ನೇ ನೋಡುತ್ತ ಬಂದ. ಅಜ್ಜಿಯರು, ತರಗತಿಯ ಮಕ್ಕಳು, ಮದುಮಕ್ಕಳು, ಆಕಾಶದಲ್ಲಿದ್ದ ಮಗು.

ಅತ್ತಿಗೆ ಅಂಗಡಿಯ ಬೀಗ ಹಿಡಿದು ಬಾಗಿಲಿಗೆ ಬಂದಳು. ಗಂಡ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ನಗುತ್ತಿದ್ದ.

"ಏನ್ರೀ ಇದು, ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದೀರ?"

"ಎಲ್ಲರಿಗೂ ಕಣೇ" ಅಂದ ಬೂಷ್ಟಣ್ಣ, ಕಣ್ಣು ತೆರೆಯದೆ. "ಸ್ವಲ್ಪ ಇರು. ಇನ್ನೊಂದು ಸಾಲಿದೆ."